ಟ್ವೈಲಾಳಿಗೆ ಸಿಗದ ಸೀಟು

ಟ್ವೈಲಾ ಮ್ಯಾಗರ್ಡ್ ತಾನು ಡಾಕ್ಟರಾಗಬೇಕು ಎಂದು ಮೊದಲ ಸಲ ಬಾಯಿಬಿಟ್ಟಿದ್ದು ನಮ್ಮ ಚರ್ಚಿನ ಅಡುಗೆಮನೆಯಲ್ಲಿ, ತಳ ಹಿಡಿದ ಬೀನ್ಸ್ ಪಾತ್ರೆಯನ್ನು ಉಜ್ಜುತ್ತಾ. ಆಗ ಅವಳು ನಮ್ಮ ಕೌಂಟಿಯ, ಅಂದರೆ ಜಿಲ್ಲೆಯ, ಆಂಬುಲೆನ್ಸಿನಲ್ಲಿ ಕೆಲಸಕ್ಕಿದ್ದಳು. ಅವಳ ತಾಯಿ ಡೆಲ್ಫಾ ಪಕ್ಕದಲ್ಲಿ ನಿಂತು ತಟ್ಟೆ ಒರೆಸುತ್ತಿದ್ದಳು. ನಾನು ಉಳಿದ ಜೋಳದ ಬ್ರೆಡ್ಡನ್ನು ಕಾಗದದಲ್ಲಿ ಸುತ್ತುತ್ತಿದ್ದೆ.

"ಯಾವ ಡಾಕ್ಟರು? ಹಲ್ಲು ಕೀಳೋ ಡಾಕ್ಟರಾ?" ಎಂದಳು ಡೆಲ್ಫಾ.

"ಹೆರಿಗೆ ಡಾಕ್ಟರಮ್ಮ."

"ಮೊದಲು ನೀನೊಂದು ಹೆತ್ತು ತೋರಿಸು. ಆಮೇಲೆ ಊರವರಿಗೆಲ್ಲ ಹೆರಿಗೆ ಮಾಡಿಸುವಿಯಂತೆ."

ಮೂವರೂ ನಕ್ಕೆವು. ಆದರೆ ನಗು ಮುಗಿದ ಮೇಲೆ ಟ್ವೈಲಾ ತಲೆ ತಗ್ಗಿಸಿ ಮತ್ತೆ ಆ ಪಾತ್ರೆಯನ್ನು ಉಜ್ಜತೊಡಗಿದ ರೀತಿ ನೋಡಿ, ಇದು ತಮಾಷೆಗೆ ಆಡಿದ ಮಾತಲ್ಲ ಎಂದು ನನಗೆ ತಿಳಿಯಿತು.

ಕಾರಣ ಊರಿಗೆಲ್ಲ ಗೊತ್ತಿದ್ದದ್ದೇ. ನಮ್ಮ ಕೌಂಟಿ ಆಸ್ಪತ್ರೆಯ ಹೆರಿಗೆ ವಾರ್ಡಿಗೆ ಬೀಗ ಬಿದ್ದು ವರ್ಷವಾಗಿತ್ತು. ಬಸುರಿಯರು ಗುಡ್ಡದ ದಾರಿಯಲ್ಲಿ ಸುತ್ತಿ ಬಳಸಿ ಇನ್ನೊಂದು ಕೌಂಟಿಗೆ ಹೋಗಬೇಕಾಗಿತ್ತು. ರಸ್ತೆಯ ಮೇಲೆಲ್ಲ ಮಂಜುಗಡ್ಡೆ ಕಟ್ಟಿದ್ದ ಒಂದು ಜನವರಿಯಲ್ಲಿ ಮರ ಕೊಯ್ಯುವ ಮಿಲ್ಲಿನ ಹುಡುಗನೊಬ್ಬನ ಹೆಂಡತಿಗೆ ಆಂಬುಲೆನ್ಸಿನಲ್ಲೇ ಹೆರಿಗೆಯಾಯಿತು. ಮಗು ಚೆನ್ನಾಗಿ ಅತ್ತಿತು. ತಾಯಿಗೆ ರಕ್ತ ನಿಲ್ಲಲಿಲ್ಲ. ಟ್ವೈಲಾ ಎರಡೂ ಕೈಯಿಂದ ಹೊಟ್ಟೆ ಒತ್ತಿ ಹಿಡಿದೇ ಇದ್ದಳು. ಗಾಡಿ ಹೈವೇ ಸೇರುವ ಮೊದಲೇ ಆ ಹುಡುಗಿ ಹೋಗಿಬಿಟ್ಟಳು. ಟ್ವೈಲಾ ಅದರ ಬಗ್ಗೆ ಯಾರೊಂದಿಗೂ ಮಾತಾಡಲಿಲ್ಲ. ಆದರೆ ಆ ವಸಂತದಲ್ಲಿ ಸಂಜೆ ಕಾಲೇಜಿಗೆ ಸೇರಿ ರಸಾಯನಶಾಸ್ತ್ರ ಓದಲು ಶುರುಮಾಡಿದಳು.

ನಾನು ನಡೀನ್. ಪರ್ಸೆಲ್ ಡಾಕ್ಟರ ಕ್ಲಿನಿಕ್ಕಿನಲ್ಲಿ ಬಾಗಿಲ ಎದುರಿನ ಮೇಜು ನನ್ನದು. ಯಾರು ಬಂದರು, ಯಾರಿಗೆ ಏನಾಯಿತು, ಯಾರನ್ನು ಮೊದಲು ಒಳಗೆ ಬಿಡಬೇಕು ಎನ್ನುವುದನ್ನೆಲ್ಲ ಮೂವತ್ತು ವರ್ಷ ಅಲ್ಲಿ ಕೂತು ನೋಡಿಕೊಂಡವಳು. ಡೆಲ್ಫಾ ನನ್ನ ಗೆಳತಿಯಾದ್ದರಿಂದ ಟ್ವೈಲಾ ನನ್ನನ್ನು ಚಿಕ್ಕಮ್ಮ ಎನ್ನುತ್ತಾಳೆ.

ಟ್ವೈಲಾಳಿಗೆ ದಾರಿ ತೋರಿಸಿದವರು ಪರ್ಸೆಲ್ ಡಾಕ್ಟರೇ. ಅವರು ಮಾಮೂಲಿ ಎಂ.ಡಿ. ಡಾಕ್ಟರಲ್ಲ, ಡಿ.ಒ.; ಅಂದರೆ ಆಸ್ಟಿಯೋಪಥಿ ಓದಿದ ಡಾಕ್ಟರು. ಅದೇ ಔಷಧಿ, ಅದೇ ಸೂಜಿ, ಅದೇ ಕತ್ತರಿ. ಜೊತೆಗೆ ಮೂಳೆ, ಕೀಲು, ಸ್ನಾಯುಗಳನ್ನು ಕೈಯಿಂದ ಮುಟ್ಟಿ, ಒತ್ತಿ ಸರಿಮಾಡುವುದನ್ನೂ ಕಲಿತಿರುತ್ತಾರೆ. ಆ ವೈದ್ಯಪದ್ಧತಿ ಹುಟ್ಟಿದ್ದೇ ನಮ್ಮ ಮಿಸೌರಿಯಲ್ಲಿ. ಡಾಕ್ಟರ ಹೆಸರಿನ ಮುಂದೆ ಯಾವ ಎರಡು ಅಕ್ಷರ ಇವೆ ಎಂದು ನಮ್ಮ ಗುಡ್ಡದ ಜನ ನೋಡುವುದಿಲ್ಲ. ನೋಡುವುದು ಬೇರೆಯವರು ಎನ್ನುವುದು ನಮಗೆ ಆಮೇಲೆ ಗೊತ್ತಾಯಿತು.

"ನಮ್ಮ ಡಿ.ಒ. ಕಾಲೇಜಿನವರು ನಿನ್ನಂಥವರನ್ನ ತಗೋತಾರೆ. ವಯಸ್ಸು ನೋಡಲ್ಲ, ಹಳ್ಳಿಯವಳು ಅಂತ ಮೂಗು ಮುರಿಯಲ್ಲ" ಎಂದರು ಪರ್ಸೆಲ್ ಡಾಕ್ಟರು.

"ಓದು ಮುಗಿದ ಮೇಲೆ ಏನು, ಡಾಕ್ಟ್ರೇ?"

"ಆಮೇಲೆ ರೆಸಿಡೆನ್ಸಿ. ಯಾವುದಾದರೂ ಆಸ್ಪತ್ರೆ ಸೇರಿ ಮೂರು ನಾಲ್ಕು ವರ್ಷ ಕತ್ತೆ ಥರ ದುಡೀಬೇಕು. ಅದಿಲ್ಲದೆ ನಿನ್ನ ಡಿಗ್ರಿ ಗೋಡೆಗೆ ನೇತುಹಾಕೋಕಷ್ಟೇ ಬರುತ್ತೆ."

"ಸೀಟು ಸಿಗುತ್ತಾ?"

"ಹತ್ತು ಜನರಲ್ಲಿ ಒಂಬತ್ತು ಜನಕ್ಕೆ ಸಿಗುತ್ತೆ ಕಣಮ್ಮ."

ಆ ಮಾತು ಸುಳ್ಳಲ್ಲ. ಈಗಲೂ ಹೆಚ್ಚುಕಡಿಮೆ ಹಾಗೇ ಇದೆಯಂತೆ. ಹತ್ತನೆಯವರ ಬಗ್ಗೆ ಮಾತ್ರ ಅವತ್ತು ನಾವ್ಯಾರೂ ಕೇಳಲಿಲ್ಲ.

ಸಂಜೆ ಕಾಲೇಜಿನ ಓದು ಮುಗಿದ ಮೇಲೆ ಟ್ವೈಲಾಗೆ ಮೆಡಿಕಲ್ ಕಾಲೇಜು ಸಿಕ್ಕಿತು. ಅವಳಿಗಿಂತ ಏಳೆಂಟು ವರ್ಷ ಚಿಕ್ಕವರ ನಡುವೆ ಕೂತು ಓದಿದಳು. ರಜಕ್ಕೆ ಬಂದಾಗಲೆಲ್ಲ ನನ್ನ ಭುಜ, ಡೆಲ್ಫಾಳ ಮೊಣಕಾಲು, ಪಾದ್ರಿಯ ಕುತ್ತಿಗೆ, ಯಾವುದನ್ನೂ ಬಿಡದೆ ಮುಟ್ಟಿ ಮುಟ್ಟಿ ಅಭ್ಯಾಸ ಮಾಡುತ್ತಿದ್ದಳು. ಅವಳ ಬೆರಳು ಬೆನ್ನಿನ ಮೇಲೆ ಒಂದು ಕಡೆ ನಿಂತಿತೆಂದರೆ ನೋವು ಅಲ್ಲೇ ಇರುತ್ತಿತ್ತು.

ನದಿಯ ಆಚೆಯ ಪಟ್ಟಣದಲ್ಲಿ ಒಂದು ಸಣ್ಣ ಆಸ್ಪತ್ರೆ ಇತ್ತು. ಅಲ್ಲಿ ಹೆರಿಗೆ ಡಾಕ್ಟರಾಗಲು ಡಿ.ಒ.ಗಳಿಗೆಂದೇ ಕೆಲವು ಸೀಟುಗಳಿದ್ದವು. ಪರ್ಸೆಲ್ ಡಾಕ್ಟರು ಚಿಕ್ಕವರಿದ್ದಾಗ ತರಬೇತಿ ಪಡೆದದ್ದೂ ಅದೇ ಆಸ್ಪತ್ರೆಯಲ್ಲಿ. ಮೂರನೆಯ ವರ್ಷ ಟ್ವೈಲಾ ಅಲ್ಲಿಗೆ ಕಲಿಯಲು ಹೋಗಿದ್ದಳು. ಹೊರಡುವಾಗ ಅಲ್ಲಿಯ ಮುಖ್ಯ ಡಾಕ್ಟರಮ್ಮ, "ವಾಪಸ್ ಬಾ, ನಿನಗೊಂದು ಜಾಗ ಇಟ್ಟಿರ್ತೀನಿ" ಎಂದಿದ್ದರಂತೆ. ಟ್ವೈಲಾ ಮನೆಗೆ ಬಂದು ಅದನ್ನು ಹೇಳಿದ ದಿನ ಡೆಲ್ಫಾ ಬೆಕ್ಕುಮೀನು ಹುರಿದು ಬೀದಿಯವರನ್ನೆಲ್ಲ ಊಟಕ್ಕೆ ಕರೆದಳು.

ಆ ಕಾಲಕ್ಕೇ ಡಾಕ್ಟರ ತರಬೇತಿ ನೋಡಿಕೊಳ್ಳುವ ಮೇಲಿನವರು ಹೊಸ ವ್ಯವಸ್ಥೆ ತಂದರು. ಅಲ್ಲಿಯವರೆಗೆ ಎಂ.ಡಿ.ಗಳ ತರಬೇತಿ ಬೇರೆ, ಡಿ.ಒ.ಗಳದ್ದು ಬೇರೆ. ಇನ್ನು ಮುಂದೆ ಎರಡೂ ಒಂದೇ, ಎಲ್ಲರಿಗೂ ಒಂದೇ ನಿಯಮ, ಒಂದೇ ಆಯ್ಕೆ ಎಂದರು. ಪರ್ಸೆಲ್ ಡಾಕ್ಟರಿಗೆ ಖುಷಿಯೋ ಖುಷಿ. "ಇಷ್ಟು ವರ್ಷ ನಮ್ಮನ್ನ ಹಿತ್ತಲಲ್ಲಿ ನಿಲ್ಲಿಸಿದ್ರು ನಡೀನ್. ಈಗ ಮುಂಬಾಗಿಲಿಂದ ಕರೀತಿದ್ದಾರೆ" ಎಂದು ಬಂದವರಿಗೆಲ್ಲ ಹೇಳಿದರು. ಆದರೆ ಹೊಸ ನಿಯಮದಲ್ಲಿ ಇಷ್ಟು ಹೆರಿಗೆ ಆಗಬೇಕು, ಇಷ್ಟು ಜನ ಅಧ್ಯಾಪಕರಿರಬೇಕು, ಸಂಶೋಧನೆ ನಡೆಯಬೇಕು ಎಂದಿತ್ತು. ನದಿಯಾಚೆಯ ಆ ಸಣ್ಣ ಆಸ್ಪತ್ರೆ ಅದನ್ನೆಲ್ಲ ಎಲ್ಲಿಂದ ತರಬೇಕು? ಹೆರಿಗೆಯ ಸೀಟುಗಳನ್ನು ಮುಚ್ಚಿಬಿಟ್ಟರು. ಸುದ್ದಿ ಬಂದ ದಿನ ಡಾಕ್ಟರು ನನ್ನ ಮೇಜಿನ ತುದಿಯಲ್ಲಿ ಕೂತು ಬಹಳ ಹೊತ್ತು ಕನ್ನಡಕ ಒರೆಸಿದರು.

"ಮುಂಬಾಗಿಲಿಂದ ಕರೆದ್ರು ನಿಜ. ನಮ್ಮ ಮನೆ ಕೆಡವಿ ಕರೆದ್ರು."

ಇನ್ನು ಉಳಿದದ್ದು ದೊಡ್ಡ ಊರುಗಳ ದೊಡ್ಡ ಆಸ್ಪತ್ರೆಗಳು. ಅಲ್ಲಿ ಇನ್ನೊಂದು ತೊಡಕು. ಡಿ.ಒ.ಗಳಿಗೆ ಅವರದೇ ಪರೀಕ್ಷೆಗಳಿವೆ, ಎಂ.ಡಿ.ಗಳಿಗೆ ಅವರದ್ದು. ನಿಮ್ಮ ಪರೀಕ್ಷೆ ಸಾಕು, ಎರಡೆರಡು ಯಾಕೆ ಬರೆದು ಸಾಯ್ತೀರಿ ಎಂದು ಹಿರಿಯರು ಹೇಳಿದ್ದನ್ನು ಟ್ವೈಲಾ ನಂಬಿದ್ದಳು. ಅರ್ಜಿ ಹಾಕುವ ಹೊತ್ತಿಗೆ ನೋಡಿದರೆ ಎಷ್ಟೋ ಆಸ್ಪತ್ರೆಗಳು ಎಂ.ಡಿ. ಪರೀಕ್ಷೆಯ ಅಂಕವನ್ನೇ ಕೇಳುತ್ತಿದ್ದವು. ಆ ಜಾಗ ಖಾಲಿ ಇದ್ದರೆ ಕಂಪ್ಯೂಟರೇ ಅರ್ಜಿಯನ್ನು ಪಕ್ಕಕ್ಕೆ ಎಸೆಯುತ್ತಿತ್ತು. ಮನುಷ್ಯರು ಯಾರೂ ಓದುತ್ತಿರಲಿಲ್ಲ.

ಅದಕ್ಕಿಂತ ದೊಡ್ಡ ಏಟು ಶಿಕಾಗೋದಲ್ಲಿ ಬಿದ್ದಿತ್ತು. ಡಿ.ಒ.ಗಳಿಗೆ ಆಗ ಬಾಯಿಮಾತಿನ ಒಂದು ಪರೀಕ್ಷೆ ಇತ್ತು. ರೋಗಿಗಳಂತೆ ನಟಿಸಲು ದಿನಗೂಲಿಗೆ ಬಂದ ನಟರನ್ನು ಕೋಣೆಕೋಣೆಯಲ್ಲಿ ಕೂರಿಸಿರುತ್ತಾರೆ. ವಿದ್ಯಾರ್ಥಿ ಒಳಗೆ ಹೋಗಿ ವಿಚಾರಿಸಬೇಕು, ಮುಟ್ಟಿ ನೋಡಬೇಕು, ಸಮಾಧಾನ ಹೇಳಬೇಕು. ಗಂಟೆ ಬಾರಿಸಿದ ಕೂಡಲೇ ಹೊರಗೆ. ಮಾತುಕತೆಗೆ ಅಂಕ ಕೊಡುವವರು ಆ ನಟರೇ.

ಅಲ್ಲಿಂದ ಬಂದ ಟ್ವೈಲಾ ಕ್ಲಿನಿಕ್ಕಿನಲ್ಲಿ ಆ ಕಥೆ ಹೇಳಿದಾಗ ಕಾಯುತ್ತಾ ಕೂತವರೆಲ್ಲ ಹೊಟ್ಟೆ ಹಿಡಿದುಕೊಂಡು ನಕ್ಕರು.

"ಒಬ್ಬ ಎದೆ ಹಿಡ್ಕೊಂಡು ಕೂತಿದ್ದ ಚಿಕ್ಕಮ್ಮ. ನೋವು ಬಲಗಡೆ ಅಂತಾನೆ, ಎಡಗಡೆ ಹಿಡ್ಕೊಂಡಿದ್ದಾನೆ! ಎಷ್ಟು ಸಿಗರೇಟು ಸೇದ್ತೀಯಪ್ಪಾ ಅಂದೆ. ದಿನಕ್ಕೆ ಎರಡು ಪ್ಯಾಕು ಅಂದ. ಹಾಗಾದ್ರೆ ನಿನ್ನ ಮಣ್ಣಿಗೆ ಹಾಕ್ಕೊಳ್ಳೋಕೆ ಹೆಂಡತಿಗೆ ಕರಿ ಬಟ್ಟೆ ಹೊಲಿಸಿಟ್ಟಿದ್ದೀಯಾ ಅಂತ ಕೇಳ್ದೆ."

ವರ್ಲನ್ ಎಂಬ ಮರದ ಮಿಲ್ಲಿನ ಮುದುಕ ಮೂಲೆಯಿಂದ, "ನನಗೂ ಹೋದ ವರ್ಷ ಅದನ್ನೇ ಕೇಳಿದ್ದೆಯಲ್ಲೇ ಹುಡುಗಿ! ಅವತ್ತೇ ಸಿಗರೇಟು ಬಿಟ್ಟೆ ನಾನು" ಎಂದ.

ನಮ್ಮ ಕಡೆ ಅದು ಪ್ರೀತಿಯ ಮಾತು. ಶಿಕಾಗೋದ ಆ ನಟನಿಗೆ ಹಾಗೆ ಕೇಳಿಸಲಿಲ್ಲ. ಕೆಲವು ವಾರ ಕಳೆದ ಮೇಲೆ ಫಲಿತಾಂಶ ಬಂತು. ರೋಗ ಗುರುತಿಸುವುದರಲ್ಲಿ ಪಾಸು, ಕೈಚಿಕಿತ್ಸೆಯಲ್ಲಿ ಪಾಸು, ರೋಗಿಯೊಂದಿಗೆ ಕರುಣೆಯಿಂದ ಮಾತಾಡುವುದರಲ್ಲಿ ಫೇಲು. ಹತ್ತು ವರ್ಷ ಆಂಬುಲೆನ್ಸಿನಲ್ಲಿ ಸಾಯುವವರ ಕಿವಿಯಲ್ಲಿ ಮಾತಾಡಿದವಳು ಮಾತಿನಲ್ಲಿ ಫೇಲಾಗಿದ್ದಳು. ಈ ಸಲ ಯಾರೂ ನಗಲಿಲ್ಲ.

ಮತ್ತೆ ಹೋದಳು. "ನಿಮಗೆ ತುಂಬಾ ಕಷ್ಟವಾಗುತ್ತಿರಬೇಕು", "ನಿಮ್ಮ ಆತಂಕ ನನಗೆ ಅರ್ಥವಾಗುತ್ತದೆ" ಎಂದು ನಾಲ್ಕಾರು ವಾಕ್ಯಗಳನ್ನು ಉರುಹೊಡೆದುಕೊಂಡು ಹೋಗಿ ಎಲ್ಲ ಕೋಣೆಗಳಲ್ಲೂ ಅದನ್ನೇ ಹೇಳಿ ಬಂದಳು. ಪಾಸಾಯಿತು. ಆದರೆ ಮೊದಲಿನ ಫೇಲು ಅರ್ಜಿಯಲ್ಲಿ ಉಳಿದುಕೊಂಡಿತು.

ರೆಸಿಡೆನ್ಸಿಯ ಆಯ್ಕೆಗೆ ಮ್ಯಾಚ್ ಎನ್ನುತ್ತಾರೆ. ಮಾರ್ಚ್ ತಿಂಗಳ ಒಂದು ಸೋಮವಾರ ದೇಶಕ್ಕೆಲ್ಲ ಒಂದೇ ಹೊತ್ತಿಗೆ ತಿಳಿಯುತ್ತದೆ. ಅದು ಸಾಂಕ್ರಾಮಿಕ ಶುರುವಾದ ವರ್ಷ. ಅಂಗಡಿಗಳು ಮುಚ್ಚುತ್ತಿದ್ದ ವಾರ. ಡೆಲ್ಫಾ ಬಾಳೆಹಣ್ಣಿನ ಪುಡಿಂಗ್ ಮಾಡಿ ಫ್ರಿಜ್ಜಿನಲ್ಲಿಟ್ಟಿದ್ದಳು. ನಾವು ಅವಳ ಅಡುಗೆಮನೆಯಲ್ಲಿ ದೂರ ದೂರ ಕೂತಿದ್ದೆವು. ಟ್ವೈಲಾ ಫೋನನ್ನು ಮೇಜಿನ ಮೇಲೆ ಬೋರಲು ಹಾಕಿಟ್ಟಿದ್ದಳು. ಅದು ನಡುಗಿದಾಗ ತಿರುಗಿಸಿ ನೋಡಿದಳು, ಮತ್ತೆ ಬೋರಲು ಹಾಕಿದಳು.

"ಏನಂತೆ?" ಎಂದಳು ಡೆಲ್ಫಾ.

"ಎಲ್ಲೂ ಇಲ್ಲವಂತೆ ಅಮ್ಮ."

"ಎಲ್ಲೂ ಇಲ್ಲ ಅಂದ್ರೆ? ಇನ್ನೊಂದ್ಸಲ ಓದು."

"ಓದಿದೆ."

ಆ ವಾರ ಉಳಿದ ಸೀಟುಗಳನ್ನು ಹಂಚುತ್ತಾರೆ. ಹೆರಿಗೆಯದ್ದು ಉಳಿದಿರಲಿಲ್ಲ. ಬೇರೆ ಏನಾದರೂ ಆಗಲಿ ಎಂದು ಸಾಮಾನ್ಯ ವೈದ್ಯಕೀಯದ ಸೀಟುಗಳಿಗೆಲ್ಲ ಅರ್ಜಿ ಹಾಕಿದಳು. ನಿಯಮ ಏನೆಂದರೆ, ಆಸ್ಪತ್ರೆಯವರು ಕರೆ ಮಾಡಬೇಕು, ನಾವಾಗಿ ಮಾಡುವಂತಿಲ್ಲ. ಅವಳ ಪರವಾಗಿ ಬೇರೆಯವರೂ ಮಾಡುವಂತಿಲ್ಲ. ಡೆಲ್ಫಾಳ ಮನೆ ಇರುವ ಕಣಿವೆಯಲ್ಲಿ ಫೋನು ಸರಿಯಾಗಿ ಹಿಡಿಯುವುದಿಲ್ಲ. ಹಾಗಾಗಿ ಟ್ವೈಲಾ ಚರ್ಚಿನ ದಿಬ್ಬದ ಮೇಲೆ ಕಾರು ನಿಲ್ಲಿಸಿಕೊಂಡು ಅದರೊಳಗೆ ಕೂತಳು. ಕೆಳಗೆ ಕಾಡುಪ್ಲಮ್ ಮರಗಳು ಬೆಳ್ಳಗೆ ಹೂಬಿಟ್ಟಿದ್ದವು. ನಾನು ಥರ್ಮಾಸಿನಲ್ಲಿ ಕಾಫಿ ತಂದುಕೊಟ್ಟೆ. ಪರ್ಸೆಲ್ ಡಾಕ್ಟರು ತಮ್ಮ ಗಾಡಿಯಲ್ಲಿ ಬಂದು ಪಕ್ಕದಲ್ಲಿ ನಿಲ್ಲಿಸಿ ಕಿಟಕಿ ಇಳಿಸಿದರು.

"ನಲವತ್ತು ವರ್ಷ ಡಾಕ್ಟರಾಗಿದ್ದೀನಿ. ಒಂದು ಫೋನ್ ಮಾಡಿ ಈ ಹುಡುಗಿ ಒಳ್ಳೆಯವಳು ಅಂತ ಹೇಳೋಕೂ ನನ್ನ ಕೈಲಿ ಆಗಲ್ವಂತೆ" ಎಂದರು.

ಇಡೀ ವಾರದಲ್ಲಿ ಫೋನು ಒಂದೇ ಸಲ ರಿಂಗಾಯಿತು. ಕಾನ್ಸಾಸಿನ ಒಂದು ಆಸ್ಪತ್ರೆ. ಆ ಕಡೆಯ ಹೆಂಗಸು ಚೆನ್ನಾಗಿಯೇ ಮಾತಾಡಿದಳಂತೆ. ಕೊನೆಗೆ, "ಇಲ್ಲೊಂದು ಫೇಲು ಇದೆಯಲ್ಲ, ಮಾತುಕತೆಯಲ್ಲಿ?" ಎಂದಳು. ಟ್ವೈಲಾ ವಿವರಿಸಿದಳು. "ಸರಿ, ತಿಳಿಸುತ್ತೇವೆ" ಎಂದಳು. ತಿಳಿಸಲಿಲ್ಲ.

ಮೇ ತಿಂಗಳಲ್ಲಿ ಪದವಿ ಕೊಟ್ಟರು. ಸಮಾರಂಭ ಕಂಪ್ಯೂಟರಿನ ಪರದೆಯ ಮೇಲೆ. ಅವಳ ಹೆಸರು ಕೂಗಿದಾಗ ಡೆಲ್ಫಾ, ಪರ್ಸೆಲ್ ಡಾಕ್ಟರು, ನಾನು ಮೂವರೇ ಚಪ್ಪಾಳೆ ತಟ್ಟಿದೆವು. ಟ್ವೈಲಾ ಡಾಕ್ಟರಾದಳು, ಆದರೆ ಒಬ್ಬ ರೋಗಿಯನ್ನೂ ನೋಡುವಂತಿರಲಿಲ್ಲ.

ನಮ್ಮ ರಾಜ್ಯದಲ್ಲಿ ಇಂಥವರಿಗೆಂದು ಒಂದು ಕಾನೂನು ಇದೆ. ರೆಸಿಡೆನ್ಸಿ ಸಿಗದವರು ಡಾಕ್ಟರಿಲ್ಲದ ಹಳ್ಳಿಗಳಲ್ಲಿ ಸಹಾಯಕ ವೈದ್ಯರಾಗಿ ಕೆಲಸ ಮಾಡಬಹುದು. ಪೂರ್ತಿ ಡಾಕ್ಟರೊಬ್ಬರು ಒಪ್ಪಂದಕ್ಕೆ ಸಹಿ ಹಾಕಿ ಹೊಣೆ ಹೊರಬೇಕು. ಪರ್ಸೆಲ್ ಡಾಕ್ಟರು ಸಹಿ ಹಾಕಿದರು. ಆ ಚಳಿಗಾಲದಲ್ಲಿ ಟ್ವೈಲಾ ನಮ್ಮ ಕ್ಲಿನಿಕ್ಕಿಗೆ ಬಂದಳು.

ಆಮೇಲಿನ ಒಂದೂವರೆ ವರ್ಷ ನಾನು ಕಂಡ ಒಳ್ಳೆಯ ಕಾಲ. ಕೋವಿಡ್ಡಿನಲ್ಲಿ ಡಾಕ್ಟರು ವಯಸ್ಸಿನ ಕಾರಣಕ್ಕೆ ಮನೆಯಿಂದಲೇ ಫೋನಿನಲ್ಲಿದ್ದರೆ ಟ್ವೈಲಾ ಪಾರ್ಕಿಂಗ್ ಜಾಗದಲ್ಲಿ ಕಾರಿಂದ ಕಾರಿಗೆ ಓಡಾಡಿ ರೋಗಿಗಳನ್ನು ನೋಡಿದಳು. ಬಸುರಿಯರು ತಿಂಗಳ ತಪಾಸಣೆಗೆ ದೂರ ಹೋಗುವುದು ನಿಂತಿತು. ಹೆರಿಗೆ ಮಾತ್ರ ಅವಳು ಮಾಡುವಂತಿರಲಿಲ್ಲ. ವರ್ಲನ್ ಅವಳನ್ನು "ಅರ್ಧ ಡಾಕ್ಟ್ರಮ್ಮ" ಎಂದೇ ಕರೆಯುತ್ತಿದ್ದ.

"ಅರ್ಧ ಡಾಕ್ಟ್ರಮ್ಮ, ಈ ಕೈ ನೋಡು."

"ಅರ್ಧ ಕೈ ನೋಡ್ತೀನಿ. ಉಳಿದರ್ಧ ಪರ್ಸೆಲ್ ಡಾಕ್ಟ್ರಿಗೆ ತೋರಿಸು."

"ಹಾಗಾದ್ರೆ ಅರ್ಧ ಗುಣ ಆದ್ರೂ ಸಾಕು. ಇನ್ನರ್ಧ ನಾನೇ ಕುಡಿದು ಗುಣ ಮಾಡ್ಕೋತೀನಿ."

ಅರ್ಜಿ ಹಾಕುವುದನ್ನು ಅವಳು ನಿಲ್ಲಿಸಿರಲಿಲ್ಲ. ಎರಡನೆಯ ಸಲ ಹೆರಿಗೆ ಬಿಟ್ಟು ಬರೀ ಸಾಮಾನ್ಯ ವೈದ್ಯಕೀಯಕ್ಕೆ ಹಾಕಿದಳು. ಆಗಲಿಲ್ಲ. ಅದೇ ಹೊತ್ತಿಗೆ ಆ ನಟರ ಪರೀಕ್ಷೆಯನ್ನೇ ರದ್ದುಮಾಡಿದ ಸುದ್ದಿ ಬಂತು. ಸಾಂಕ್ರಾಮಿಕದಲ್ಲಿ ನಿಲ್ಲಿಸಿದ್ದವರು ಇನ್ನು ಬೇಡವೇ ಬೇಡ ಎಂದು ಕೈಬಿಟ್ಟಿದ್ದರು. ಟ್ವೈಲಾ ಕುರ್ಚಿಯಿಂದ ಎದ್ದುಬಿಟ್ಟಳು.

"ಪರೀಕ್ಷೇನೇ ಇಲ್ಲ ಅಂದ್ಮೇಲೆ ನನ್ನ ಫೇಲು ಎಲ್ಲಿರುತ್ತೆ ಚಿಕ್ಕಮ್ಮ? ಅಳಿಸಲೇಬೇಕಲ್ಲ!"

ಪರೀಕ್ಷೆ ನಡೆಸುತ್ತಿದ್ದವರಿಗೆ ಫೋನು ಮಾಡಿದಳು. ಇವರು ಅವರನ್ನು ಕೇಳಿ ಎಂದರು, ಅವರು ಇವರನ್ನು ಕೇಳಿ ಎಂದರು. ಕಡೆಗೊಬ್ಬ ಹುಡುಗ ಬಹಳ ಮರ್ಯಾದೆಯಿಂದ ಹೇಳಿದನಂತೆ: ಪರೀಕ್ಷೆ ಇನ್ನು ನಡೆಯುವುದಿಲ್ಲ ಮೇಡಂ, ಆದರೆ ನಡೆದಿದ್ದು ನಡೆದಿದೆ, ದಾಖಲೆಯಲ್ಲಿರುತ್ತದೆ. ಈಗಿನ ವಿದ್ಯಾರ್ಥಿಗಳಿಗೆ ಆ ಸಾಲೇ ಇಲ್ಲ. ಅವರ ನಡುವೆ ಇವಳ ಅರ್ಜಿಯಲ್ಲಿ ಮಾತ್ರ ಆ ಫೇಲು ಇನ್ನಷ್ಟು ಎದ್ದು ಕಾಣತೊಡಗಿತು.

ಮೂರನೆಯ ಸಲ ಆರ್ಕಾನ್ಸಾಸಿನ ಒಂದು ಆಸ್ಪತ್ರೆಯಿಂದ ಸಂದರ್ಶನಕ್ಕೆ ಕರೆದರು. ಅಲ್ಲಿಯ ಮುಖ್ಯಸ್ಥ ಅವಳ ಆಂಬುಲೆನ್ಸಿನ ಕಥೆಗಳನ್ನು ಕೇಳಿ ಕಣ್ಣೊರೆಸಿಕೊಂಡನಂತೆ. "ನಿಮ್ಮಂಥವರೇ ನಮಗೆ ಬೇಕು" ಎಂದನಂತೆ. ಪರ್ಸೆಲ್ ಡಾಕ್ಟರು ಆ ಮಾತನ್ನು ಅವಳಿಂದ ಮೂರು ನಾಲ್ಕು ಸಲ ಹೇಳಿಸಿದರು. ಮಾರ್ಚ್ ಬಂತು. ಅಲ್ಲೂ ಇಲ್ಲ. ಕಾಲೇಜು ಬಿಟ್ಟು ಎರಡು ವರ್ಷವಾದವರನ್ನು ತೆಗೆದುಕೊಂಡರೆ ಮೇಲಿನವರು ಪ್ರಶ್ನೆ ಕೇಳುತ್ತಾರೆ ಎಂದು ಆಮೇಲೆ ಯಾರೋ ಹೇಳಿದರು. ಅದು ನಿಜವೋ ಅಲ್ಲವೋ ನಮಗೆ ತಿಳಿಯಲಿಲ್ಲ. ಯಾಕೆ ಇಲ್ಲ ಎಂದು ಅವರು ಹೇಳುವುದೇ ಇಲ್ಲ.

ಆ ಏಪ್ರಿಲ್‌ನಲ್ಲಿ ಕಾಡಿನಲ್ಲಿ ಮೋರೆಲ್ ಅಣಬೆ ಏಳುವ ಹೊತ್ತು. ಪರ್ಸೆಲ್ ಡಾಕ್ಟರು ಬೆಳಿಗ್ಗೆ ಚೀಲ ಹಿಡಿದು ಮನೆಯ ಹಿಂದಿನ ಕಾಡಿಗೆ ಹೋದವರು ವಾಪಸ್ ಬರಲಿಲ್ಲ. ಅವರ ಹೆಂಡತಿ ಫೋನ್ ಮಾಡಿದಾಗ ಕ್ಲಿನಿಕ್ಕಿನ ತುಂಬ ಜನ. ಟ್ವೈಲಾ ಬ್ಯಾಗು ಹಿಡಿದು ಓಡಿದಳು. ಓಕ್ ಮರದ ಬುಡದಲ್ಲಿ ಒರಗಿ ಕೂತ ಹಾಗೆಯೇ ಇದ್ದರಂತೆ. ಮಾಡಲು ಏನೂ ಉಳಿದಿರಲಿಲ್ಲ.

ಶವಸಂಸ್ಕಾರ ಆದ ಮಾರನೆಯ ದಿನ ಕ್ಲಿನಿಕ್ಕು ತೆರೆದೆವು. ಎಂದಿಗಿಂತ ಹೆಚ್ಚು ಜನ ಬಂದಿದ್ದರು. ಅರ್ಧ ಕಾಯಿಲೆಗೆ, ಅರ್ಧ ದುಃಖಕ್ಕೆ. ಟ್ವೈಲಾ ಒಳಕೋಣೆಯಲ್ಲಿ ಪರವಾನಗಿ ಕೊಡುವವರೊಂದಿಗೆ ಫೋನಿನಲ್ಲಿದ್ದಳು. ಹೊರಗೆ ಬಂದವಳು ನನ್ನ ಮೇಜಿನ ಬಳಿ ನಿಂತು ಮೆಲ್ಲಗೆ, "ಚಿಕ್ಕಮ್ಮ, ಎಲ್ಲರನ್ನೂ ಕಳಿಸಿಬಿಡಿ" ಎಂದಳು.

"ಯಾಕೆ?"

"ಡಾಕ್ಟ್ರು ಹೋದ ಗಳಿಗೇಲೇ ಒಪ್ಪಂದಾನೂ ಹೋಯ್ತಂತೆ. ನಾನು ಯಾರನ್ನೂ ಮುಟ್ಟೋ ಹಾಗಿಲ್ಲ."

ವರ್ಲನ್ ಅಷ್ಟರಲ್ಲಿ ಎದ್ದು ಬಂದಿದ್ದ. ಹಿಂದಿನ ವಾರ ಗರಗಸ ತಾಗಿದ್ದ ಅವನ ಅಂಗೈಗೆ ಟ್ವೈಲಾಳೇ ಹೊಲಿಗೆ ಹಾಕಿದ್ದಳು. ಇವತ್ತು ದಾರ ತೆಗೆಯುವ ದಿನ. ಕೈ ಚಾಚಿಕೊಂಡು ನಿಂತ.

"ತೆಗೆದುಬಿಡಮ್ಮ, ಕೆರೆತ ತಡೆಯೋಕಾಗ್ತಿಲ್ಲ."

"ಆಗಲ್ಲ ವರ್ಲನ್. ಪಕ್ಕದ ಕೌಂಟಿಗೆ ಹೋಗಿ ತೆಗೆಸ್ಕೊ."

"ಕತ್ತರಿ ಅಲ್ಲೇ ಕಾಣ್ತಾ ಇದೆ! ದಾರ ನೀನು ಹಾಕಿದ್ದೇ! ಇನ್ಯಾರೋ ಯಾಕೆ ತೆಗೀಬೇಕು?"

"ಹೋದ ವಾರ ಹಾಕೋಕೆ ಬರ್ತಿತ್ತು. ಇವತ್ತು ತೆಗೆಯೋಕೆ ಬರಲ್ಲ. ಕಾನೂನು."

ವರ್ಲನ್ ಅವಳ ಮುಖವನ್ನೇ ನೋಡಿದ. ಟೋಪಿ ಹಾಕಿಕೊಂಡು ಹೊರಟ. ಆಮೇಲೆ ಮನೆಯಲ್ಲಿ ತಾನೇ ಮೀನಿನ ಚಾಕುವಿನಿಂದ ದಾರ ಕಿತ್ತುಕೊಂಡನಂತೆ. ಟ್ವೈಲಾಗೆ ಅದು ಗೊತ್ತಾಗಿ ಎರಡು ದಿನ ಊಟ ಸೇರಲಿಲ್ಲ.

ಇನ್ನೊಬ್ಬ ಡಾಕ್ಟರು ಸಹಿ ಹಾಕಿದರೆ ಸಾಕಿತ್ತು. ಇಡೀ ಬೇಸಿಗೆ ಅವಳು ಅದಕ್ಕಾಗಿ ಅಲೆದಳು. ನಾನೂ ಎರಡು ಮೂರು ಕಡೆ ಜೊತೆಗೆ ಹೋದೆ. ಎಲ್ಲರೂ ಕುಡಿಯಲು ಏನಾದರೂ ಕೊಟ್ಟು ಕೂರಿಸುತ್ತಿದ್ದರು. ಒಬ್ಬರಿಗೆ ಅವರ ಆಸ್ಪತ್ರೆಯ ಕಂಪನಿ ಬಿಡುವುದಿಲ್ಲ. ಒಬ್ಬರಿಗೆ ವಿಮೆಯವರು ಒಪ್ಪುವುದಿಲ್ಲ. ಇನ್ನೊಬ್ಬರು, ಅವರೂ ಡಿ.ಒ.ಯೇ, ಟ್ವೈಲಾಗಿಂತ ಚಿಕ್ಕವರು, ಬಾಗಿಲವರೆಗೂ ಬಂದು ಕಳಿಸಿಕೊಡುತ್ತಾ, "ಬೇಜಾರು ಮಾಡ್ಕೋಬೇಡಿ. ನಾನು ಸೀಟು ಸಿಕ್ಕಿದವಳು ಅಷ್ಟೇ. ನಿಮ್ಮ ಜಾಗದಲ್ಲಿ ನಾನೂ ಇರಬಹುದಿತ್ತು" ಎಂದರು. ಕಾರಿನಲ್ಲಿ ಕೂತ ಮೇಲೆ ಟ್ವೈಲಾ ಹೇಳಿದಳು:

"ಬೈದು ಕಳಿಸಿದ್ರೆ ವಾಸಿಯಾಗಿತ್ತು ಚಿಕ್ಕಮ್ಮ. ಎಲ್ಲರೂ ಒಳ್ಳೆಯವರೇ. ಯಾರ ಮೇಲೆ ಸಿಟ್ಟು ಮಾಡ್ಕೊಳ್ಳಲಿ?"

ನಾನು ಮಡಿಲಲ್ಲಿದ್ದ ಕೈಚೀಲದ ಜಿಪ್ಪು ಎಳೆಯುತ್ತಾ ಕೂತೆ.

ಸೆಪ್ಟೆಂಬರಿನಲ್ಲಿ ಡಾಕ್ಟರ ಹೆಂಡತಿ ಕಟ್ಟಡ ಮಾರಿದರು. ನನ್ನ ಕೆಲಸವೂ ಮುಗಿಯಿತು. ಟ್ವೈಲಾ ಆಂಬುಲೆನ್ಸಿಗೆ ವಾಪಸ್ ಹೋದಳು. ಹಳೆಯ ಪರವಾನಗಿಯನ್ನು ಅವಳು ಬಿಟ್ಟುಕೊಟ್ಟಿರಲಿಲ್ಲ. ಮೊದಲ ದಿನ ಸಮವಸ್ತ್ರ ಹಾಕಿಕೊಂಡು ಬಂದಾಗ ಡೆಲ್ಫಾ, "ಹೊಟ್ಟೆ ಹತ್ರ ಬಿಗಿಯಾಗಿದೆ, ಸಡಿಲ ಮಾಡಿಕೊಡ್ತೀನಿ ತೆಗಿ" ಎಂದಳು.

ಹೋದ ನವೆಂಬರಿನಲ್ಲಿ ನನ್ನ ಸೊಂಟ ಹಿಡಿದುಕೊಂಡಿತು. ಸೌದೆ ಎತ್ತಲು ಬಗ್ಗಿದವಳು ಏಳಲಾರದೆ ಅಡುಗೆಮನೆಯ ಕುರ್ಚಿ ಹಿಡಿದು ನಿಂತೆ. ಡೆಲ್ಫಾ ಹೇಳಿ ಕಳಿಸಿದ್ದಕ್ಕೆ ಟ್ವೈಲಾ ಬಂದಳು. ನನ್ನ ಹಿಂದೆ ನಿಂತು ನೋಡಿದಳು.

"ಪರ್ಸೆಲ್ ಡಾಕ್ಟರ ಥರ ಒಂದ್ಸಲ ಒತ್ತಿಬಿಡೇ. ಯಾರು ನೋಡ್ತಾರೆ ಇಲ್ಲಿ?" ಎಂದೆ.

"ಲೈಸೆನ್ಸ್ ಇಲ್ಲದೆ ವೈದ್ಯ ಮಾಡಿದ್ಲು ಅಂತ ಒಂದು ದೂರು ಹೋದ್ರೆ ಇರೋ ಕೆಲಸಾನೂ ಹೋಗುತ್ತೆ. ಮುಂದೆ ಅರ್ಜಿ ಹಾಕೋ ಹಾಗೂ ಇಲ್ಲ."

"ನಾನು ದೂರು ಕೊಡ್ತೀನೇನೇ?"

"ನೀವು ಕೊಡಲ್ಲ. ಗುಣ ಆಯ್ತು ಅಂತ ಚರ್ಚಿನಲ್ಲಿ ಎಲ್ಲರಿಗೂ ಹೇಳ್ತೀರಿ. ನಾಳೆ ನಮ್ಮ ಬಾಗಿಲಲ್ಲಿ ಇಪ್ಪತ್ತು ಜನ ನಿಂತಿರ್ತಾರೆ."

ಅದು ನಿಜವೇ. ನನ್ನ ಬಾಯಿ ಅವಳಿಗೆ ಗೊತ್ತು.

ಕೊನೆಗೆ ನನ್ನನ್ನು ಕಾರಿನಲ್ಲಿ ಮಲಗಿಸಿಕೊಂಡು ಮುಂದಿನ ಊರಿನ ಕೈರೋಪ್ರಾಕ್ಟರನ ಬಳಿ ಕರೆದೊಯ್ದಳು. ಅವನು ಎಂ.ಡಿ.ಯೂ ಅಲ್ಲ, ಡಿ.ಒ.ಯೂ ಅಲ್ಲ, ಆದರೆ ಬೆನ್ನು ಮೂಳೆ ನೆಟಿಗೆ ತೆಗೆಯಲು ಅವನಿಗೆ ಸರ್ಕಾರದ ಪರವಾನಗಿ ಇದೆ. ಟೈರ್ ಅಂಗಡಿಯ ಪಕ್ಕದಲ್ಲಿ ಅವನ ಕೋಣೆ. ನಗುಮುಖದ ಹುಡುಗ. ಟ್ವೈಲಾ ನನ್ನ ಕೋಟು ಹಿಡಿದುಕೊಂಡು ಗೋಡೆಗೆ ಒರಗಿ ನಿಂತಿದ್ದಳು. ಅವನು ಒತ್ತುವಾಗೆಲ್ಲ ಅವಳ ಬೆರಳುಗಳು ಆ ಕೋಟಿನ ಮೇಲೆ ಹಾಗೇ ಒತ್ತುತ್ತಿದ್ದುದನ್ನು ನಾನು ಮಲಗಿದಲ್ಲಿಂದಲೇ ನೋಡಿದೆ.

"ನೀವು ಇವರ ಮಗಳಾ?" ಎಂದು ಕೇಳಿದ ಅವನು.

"ಅಲ್ಲ. ಆಂಬುಲೆನ್ಸಿನವಳು."

ವಾಪಸ್ ಬರುವಾಗ ಮಂಜು ಉದುರಲು ಶುರುವಾಗಿತ್ತು. ನಾನು ಸೀಟಿಗೆ ದಿಂಬು ಒತ್ತಿಕೊಂಡು ಕೂತು, ಈ ವರ್ಷವೂ ಅರ್ಜಿ ಹಾಕಿದ್ದೀಯಾ ಎಂದು ಕೇಳಿದೆ. ಹಾಕಿದ್ದೇನೆ ಎಂದಳು. ಎಲ್ಲಿಂದಾದರೂ ಕರೆದರಾ ಎಂದೆ. ಇಲ್ಲ ಎಂದಳು. ಆಮೇಲೆ ಅವಳ ಆಂಬುಲೆನ್ಸ್ ಕೆಲಸದ ರೇಡಿಯೋ ಮಾತಾಡಿತು. ಮಿಲ್ಲಿನ ಆಚೆ ಒಬ್ಬ ಬಸುರಿ, ಮೊದಲನೆಯದಂತೆ, ನೋವು ಶುರುವಾಗಿದೆಯಂತೆ.

ಟ್ವೈಲಾ ನನ್ನನ್ನು ಮನೆಯ ಮುಂದೆ ಇಳಿಸಿ, ಮೆಟ್ಟಿಲು ಹತ್ತುವವರೆಗೆ ತೋಳು ಹಿಡಿದಿದ್ದಳು. "ಬಿಸಿನೀರಿನ ಚೀಲ ಇಟ್ಕೊಳ್ಳಿ. ಸೌದೆ ಮುಟ್ಟಬೇಡಿ, ನಾಳೆ ಬಂದು ಒಳಗೆ ಹಾಕ್ತೀನಿ" ಎಂದು ಹೇಳಿ ಕಾರಿನತ್ತ ಓಡಿದಳು.